ಮುಖ ನೋಡಿ ದೇಶ ಹೇಳಬೇಡಿ, ಪುಸ್ತಕದಲ್ಲಿ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ಕಾಫಿ ತೋಟಗಳಿಗೆ ಬರುತ್ತಿರುವ ಅಸ್ಸಾಂ ಕಾರ್ಮಿಕರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಎರಡು ಬಗೆಯ ಪತ್ರಗಳು ಬಂದಿವೆ. ಇವರೆಲ್ಲ ಬಾಂಗ್ಲಾದೇಶದವರು, ಮೊದಲು ಓಡಿಸಿ ಎಂದು ಕೆಲವರು. ಹಾಗೆ ಹೇಳುವವರೆಲ್ಲ ಜನಾಂಗದ್ವೇಷಿಗಳು ಎಂದು ಇನ್ನು ಕೆಲವರು. ಮೂಡಿಗೆರೆ ಕಡೆ ಸಣ್ಣ ತೋಟ ಇಟ್ಟುಕೊಂಡಿರುವ ನನಗೆ, ಈ ಎರಡೂ ಕಡೆಯವರು ಕೊಯ್ಲಿನ ಹೊತ್ತಿಗೆ ಒಮ್ಮೆಯಾದರೂ ತೋಟದೊಳಗೆ ಬಂದಿದ್ದಾರಾ ಅನ್ನೋ ಅನುಮಾನ ಇದೆ.

ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಅದರ ಬೆನ್ನಿಗೇ ಮೆಣಸು. ನಡುವೆ ಅಕಾಲ ಮಳೆ ಬಿದ್ದರೆ ಹಣ್ಣೆಲ್ಲ ನೆಲದ ಪಾಲು. ಊರಿನ ಹುಡುಗರು ಬೆಂಗಳೂರು ಸೇರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರಾದರೂ ಕೊಯ್ಯಬೇಕಲ್ಲ? ಹಿಂದೆ ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಆಳು ಕರೆತರುತ್ತಿದ್ದರು. ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಆ ಲೈನ್ ಮನೆಗಳಲ್ಲಿ ಹುಟ್ಟಿದವರ ಮಕ್ಕಳು ಇವತ್ತು ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾರೆ, ಜೀಪ್ ಓಡಿಸುತ್ತಾರೆ, ಚುನಾವಣೆಗೂ ನಿಲ್ಲುತ್ತಾರೆ. ಮನೆಯಲ್ಲಿ ತುಳುವೋ ತಮಿಳೋ, ಸಂತೆಗೆ ಬಂದರೆ ಕನ್ನಡ. ಯಾರೂ ಇವರನ್ನು ಭಾಷಣ ಮಾಡಿ ಒಂದು ಮಾಡಲಿಲ್ಲ.

ಕಾಫಿ ಬೀಜವೇ ಯೆಮನ್‌ನಿಂದ ಬಾಬಾಬುಡನ್‌ಗಿರಿಗೆ ಬಂದದ್ದು, ಹಾಗಾಗಿ ನಾವು ಯಾರನ್ನೂ ಹೊರಗಿನವರು ಅನ್ನಬಾರದು ಎಂಬ ವಾದವನ್ನು ನಮ್ಮ ಕಡೆ ಎಲ್ಲ ಸಭೆಯಲ್ಲೂ ಕೇಳಬಹುದು. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಬೀಜಕ್ಕೆ ರೇಷನ್ ಕಾರ್ಡ್ ಬೇಡ, ಕೂಲಿ ಬೇಡ, ಆಸ್ಪತ್ರೆ ಬೇಡ. ಮನುಷ್ಯರ ವಿಷಯ ಅಷ್ಟು ಸಲೀಸಲ್ಲ.

ಈಗ 'ಬಾಂಗ್ಲಾದೇಶದವರು' ಎಂಬ ಮಾತಿಗೆ ಬರೋಣ. ಬಂಗಾಳಿ ಆಡಿದರೆ ಸಾಕು, ಗಡಿ ದಾಟಿ ಬಂದವರು ಎಂದು ನಮ್ಮಲ್ಲಿ ತೀರ್ಮಾನ ಆಗಿಬಿಡುತ್ತದೆ. ಅಸ್ಸಾಂನ ಬರಾಕ್ ಕಣಿವೆಯಲ್ಲಿ ಬಂಗಾಳಿಯೇ ಆಡಳಿತ ಭಾಷೆ. ಅದಕ್ಕಾಗಿ ಹೋರಾಡಿದ ಹನ್ನೊಂದು ಜನ 1961ರ ಮೇ 19ರಂದು ಸಿಲ್ಚಾರ್‌ನಲ್ಲಿ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಗೋಕಾಕ್ ಚಳವಳಿ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಸ್ಸಾಂನಲ್ಲಿ 2019ರಲ್ಲಿ ಬಂದ ಎನ್‌ಆರ್‌ಸಿ, ಅಂದರೆ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರು ವಿದೇಶಿಯರು ಹೌದೋ ಅಲ್ಲವೋ ಎಂದು ವಿಚಾರಿಸಲು ಅಲ್ಲಿ ನ್ಯಾಯಮಂಡಳಿಗಳಿವೆ, ಅದರ ಮೇಲೆ ಕೋರ್ಟ್ ಇದೆ. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಹಿಡಿದು 'ಆಧಾರ್ ತೋರಿಸು' ಎಂದು ವಿಡಿಯೋ ಮಾಡುವ ಹುಡುಗರು ಐದೇ ನಿಮಿಷದಲ್ಲಿ ತೀರ್ಪು ಕೊಡುತ್ತಾರೆ. ದಾಖಲೆ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಗಡಿ ದಾಟಿ ಬಂದವರು ಇರಬಹುದು, ಪೊಲೀಸರು ನೋಡಲಿ. ಅದು ಅವರ ಕೆಲಸ.

ಮುಖ ನೋಡಿ ದೇಶ ಹೇಳುವ ಚಟ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ದೂರದ್ದೊಂದು, ಹತ್ತಿರದ್ದೊಂದು ಉದಾಹರಣೆ ಇದೆ. 2017ರ ಫೆಬ್ರವರಿಯಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಬಾರೊಂದರಲ್ಲಿ ಇಬ್ಬರು ಭಾರತೀಯ ಎಂಜಿನಿಯರುಗಳ ಮೇಲೆ ಒಬ್ಬ ಗುಂಡು ಹಾರಿಸಿದ. ಒಬ್ಬರು ಸತ್ತರು. ಆಮೇಲೆ ಅವನು ಹೇಳಿಕೊಂಡದ್ದು, ತಾನು ಇರಾನಿನವರನ್ನು ಕೊಂದೆ ಅಂತ! ಇನ್ನೊಂದು, ನಮ್ಮ ಬೆಂಗಳೂರಿನದೇ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ರಾತ್ರೋರಾತ್ರಿ ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ನಮ್ಮ ತಾಲ್ಲೂಕಿನ ಎಷ್ಟು ಮನೆಗಳ ಮಕ್ಕಳು ಹೊರದೇಶದಲ್ಲಿಲ್ಲ? ಅಲ್ಲಿ ಅವರಿಗೆ ಯಾರಾದರೂ ಒಂದು ಮಾತಂದರೆ ಇಲ್ಲಿ ನಮಗೆ ನಿದ್ದೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ನನ್ನದೊಂದು ತಕರಾರಿದೆ. ಲೈನಿನಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ದುಡಿಯುತ್ತಿರುವ ಹೆಂಗಸು 'ಇವರು ಬಂದ ಮೇಲೆ ನಮಗೆ ಕೆಲಸ ಕಡಿಮೆ ಆಯ್ತು' ಅಂದರೆ ಅದು ದ್ವೇಷ ಅಲ್ಲ, ಹೊಟ್ಟೆಪಾಡು. ಗುತ್ತಿಗೆದಾರ ಒಂದು ಗ್ಯಾಂಗ್ ತಂದು ಕಿಲೋ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳುತ್ತಾನೆ. ಅದರಲ್ಲಿ ತನ್ನ ಪಾಲು ಎಷ್ಟು ಮುರಿದುಕೊಂಡ, ಕೊಯ್ದವರ ಕೈಗೆ ಎಷ್ಟು ಹೋಯಿತು, ಯಾರೂ ಕೇಳುವುದಿಲ್ಲ. ತೋಟದ ಪುಸ್ತಕದಲ್ಲಿ ಅವರ ಹೆಸರೇ ಇರುವುದಿಲ್ಲ, 'ಗ್ಯಾಂಗ್ 12 ಜನ' ಅಂತ ಇರುತ್ತದೆ ಅಷ್ಟೆ. ಮೆಣಸು ಕೊಯ್ಯುವಾಗ ಏಣಿಯಿಂದ ಒಬ್ಬ ಬಿದ್ದರೆ ಗುತ್ತಿಗೆದಾರನ ಫೋನ್ ಸ್ವಿಚ್ ಆಫ್.

ಬೇರೆ ರಾಜ್ಯದಿಂದ ಆಳು ತರುವವರು ಲೈಸೆನ್ಸ್ ತೆಗೆದುಕೊಳ್ಳಬೇಕು, ಒಂದೇ ಕೆಲಸಕ್ಕೆ ಸ್ಥಳೀಯರಿಗಿಂತ ಕಡಿಮೆ ಕೂಲಿ ಕೊಡಬಾರದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮ ಕಡೆ ಅದನ್ನು ಎಷ್ಟು ಜನ ಪಾಲಿಸಿದರು? ಬೇಜಾರಾದರೂ ಹೇಳುತ್ತೇನೆ: 'ಇವರು ಯಾರೋ ಏನೋ' ಎಂದು ಸಭೆಯಲ್ಲಿ ಕೂಗುವ ಕೆಲವರ ತೋಟದಲ್ಲೇ ಹೆಸರಿಲ್ಲದ ಗ್ಯಾಂಗ್‌ಗಳಿವೆ. ಹೆಸರು ಬರೆದರೆ ಕೂಲಿ ಲೆಕ್ಕ ಬರೆಯಬೇಕಾಗುತ್ತದೆ, ಅಲ್ವಾ?

ಕನ್ನಡ ಕಲಿಯುವುದಿಲ್ಲ ಎಂಬ ದೂರೂ ಇದೆ. ಕಲಿಯಬೇಕು, ನಿಜ. ಆದರೆ ತೋಟದ ಲೆಕ್ಕ ಬರೆಯುವ ರೈಟರ್‌ನಿಂದ ಹಿಡಿದು ಕಿರಾಣಿ ಅಂಗಡಿಯವನ ತನಕ ನಾವೆಲ್ಲ ಅವರ ಹತ್ತಿರ ಹರಕು ಮುರುಕು ಹಿಂದಿಯಲ್ಲೇ ಮಾತಾಡುತ್ತೇವೆ. ಲೈನಿನ ಮಕ್ಕಳು ದಿನವಿಡೀ ಕಣದ ಹತ್ತಿರ ಸುಮ್ನೆ ಓಡಾಡಿಕೊಂಡಿರುತ್ತವೆ. ಅತ್ತ ಮಲೆನಾಡಿನ ಸರ್ಕಾರಿ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಬಾಗಿಲು ಹಾಕುತ್ತಿವೆ. ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವನ್ನೂ ಶಾಲೆಗೆ ಸೇರಿಸಿಕೊಳ್ಳಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಜೀಪಿನಲ್ಲಿ ಆಳುಗಳನ್ನು ತೋಟಕ್ಕೆ ಬಿಡುವವರು ಮಕ್ಕಳನ್ನು ಶಾಲೆಗೆ ಬಿಟ್ಟು ಹೋಗುವುದು ಕಷ್ಟವೇನಲ್ಲ.

ಮುಂದಿನ ಕೊಯ್ಲಿಗೆ ಮೊದಲೇ ಬೆಳೆಗಾರರ ಸಂಘಗಳು, ಕಾರ್ಮಿಕ ಇಲಾಖೆ ಮತ್ತು ಪೊಲೀಸರು ಹೋಬಳಿ ಮಟ್ಟದಲ್ಲಿ ಕೂತು ಬಂದವರ ಹೆಸರು, ಊರು, ಕೂಲಿ ಬರೆದುಕೊಳ್ಳಲಿ. ಗುತ್ತಿಗೆದಾರರಿಂದಲೇ ಶುರು ಮಾಡಲಿ. ಅವರ ನಂಬರು ಎಲ್ಲ ತೋಟದ ರೈಟರ್ ಹತ್ತಿರವೂ ಇದೆ.

– ಒಬ್ಬ ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ