ಗೆಳೆಯನಿಗೊಂದು ಪತ್ರ: ಯೇಸು ದೇವರೋ, ದೇವರು ಕಳಿಸಿದವನೋ?

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಬೇಜಾರಾಯಿತು ಕಣೋ. "ಯೇಸು ದೇವರೇ ಆಗಿದ್ದರೆ ಆತ ಯಾರಿಗೆ ಪ್ರಾರ್ಥನೆ ಮಾಡುತ್ತಿದ್ದ?" ಅಂತ ಬೈಬಲ್ ಕೂಟದಲ್ಲಿ ಕೇಳಿದ್ದಕ್ಕೆ, ಅಂಥ ಪ್ರಶ್ನೆ ಸೈತಾನನಿಂದ ಬರುತ್ತದೆ ಅಂದುಬಿಟ್ಟರಂತೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸುವಾರ್ತೆಗಳನ್ನು ನಿಜವಾಗಿ ಓದುವ ಯಾರಿಗೂ ಈ ಪ್ರಶ್ನೆ ಬಂದೇ ಬರುತ್ತದೆ. ತಂದೆ ನನಗಿಂತ ದೊಡ್ಡವನು ಅಂತ ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಹೇಳಿದವನೂ ಯೇಸುವೇ, ನಾನೂ ತಂದೆಯೂ ಒಂದೇ ಅಂತ ಅದೇ ಯೋಹಾನ 10ರಲ್ಲಿ ಹೇಳಿದವನೂ ಯೇಸುವೇ. ಎರಡನ್ನೂ ಓದಿ ಸುಮ್ನೆ ಇರುವುದು ಹೇಗೆ?

ಸುಮಾರು 1,700 ವರ್ಷದ ಹಿಂದೆ ಈ ಪ್ರಶ್ನೆ ಹಿಡಿದು ಒಬ್ಬ ಪಾದ್ರಿ ಇಡೀ ರೋಮ್ ಸಾಮ್ರಾಜ್ಯವನ್ನೇ ಅಲುಗಾಡಿಸಿದ. ಈಜಿಪ್ಟಿನ ಅಲೆಕ್ಸಾಂಡ್ರಿಯಾದವನು, ಹೆಸರು ಆರಿಯಸ್. ವಿರೋಧಿಗಳು ಬರೆದದ್ದರಲ್ಲೂ ಅವನ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಎತ್ತರದ ಆಳು, ಬಗ್ಗಿದ ಮುಖ, ತೋಳಿಲ್ಲದ ಸಾದಾ ಅಂಗಿ, ಮೆದುವಾದ ಮಾತು. ಅವನ ವಾದ ಸರಳ. ದೇವರು ಒಬ್ಬನೇ, ಅವನಿಗೆ ಹುಟ್ಟಿಲ್ಲ, ಆದಿಯಿಲ್ಲ. ಮಗ ಅಂದಮೇಲೆ ತಂದೆಯಿಂದ ಬಂದವನು. ಬಂದವನು ಅಂದಮೇಲೆ ಅವನು ಇಲ್ಲದಿದ್ದ ಒಂದು ಗಳಿಗೆ ಇರಲೇಬೇಕು. ಮಗ ಎಲ್ಲ ಸೃಷ್ಟಿಗಿಂತ ಮೊದಲನೆಯವನು, ಅವನ ಮೂಲಕವೇ ಉಳಿದದ್ದೆಲ್ಲ ಆಯಿತು, ಆದರೂ ಅವನು ದೇವರು ಉಂಟುಮಾಡಿದವನೇ. ಇದನ್ನೆಲ್ಲ ಆರಿಯಸ್ ಬರೀ ಪ್ರಸಂಗದಲ್ಲಿ ಹೇಳಿ ಬಿಡಲಿಲ್ಲ. ಹಡಗಿನವರು, ಬೀಸುವ ಕಲ್ಲಿನ ಮುಂದೆ ಕೂತವರು, ದಾರಿ ನಡೆಯುವವರು ಹಾಡಿಕೊಳ್ಳಲಿ ಅಂತ ಹಾಡು ಕಟ್ಟಿದನಂತೆ. ಹಾಡು ಬಂದರಿನಿಂದ ಬಂದರಿಗೆ ಹೋಯಿತು.

ಅವನನ್ನು ಕೆಟ್ಟವನು ಅಂತ ನೋಡಲು ನನಗೆ ಮನಸ್ಸು ಬರುವುದಿಲ್ಲ. ದೇವರ ಒಂದೇತನಕ್ಕೆ ಎಲ್ಲಿ ಧಕ್ಕೆ ಬರುತ್ತದೋ ಅನ್ನುವ ಭಯ ಅವನದು. ಬೈಬಲ್‌ನ ಜ್ಞಾನೋಕ್ತಿ ಪುಸ್ತಕದ 8ನೇ ಅಧ್ಯಾಯ ತೆಗೆದು ನೋಡು, ದೇವರು ತನ್ನ ಕೆಲಸದ ಮೊದಲಲ್ಲೇ ನನ್ನನ್ನು ಉಂಟುಮಾಡಿದ ಅಂತ ಜ್ಞಾನವೇ ಹೇಳಿಕೊಳ್ಳುತ್ತದೆ. ಆ ಜ್ಞಾನ ಕ್ರಿಸ್ತನೇ ಅಂತ ಎರಡೂ ಕಡೆಯವರು ಒಪ್ಪಿದ್ದರು. ಹಾಗಾಗಿ ಆರಿಯಸ್‌ಗೆ ಉತ್ತರ ಕೊಡುವುದು ಯಾರಿಗೂ ಸುಲಭವಾಗಿರಲಿಲ್ಲ.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್‌ಗಳನ್ನೆಲ್ಲ ನೈಸಿಯಾಕ್ಕೆ ಕರೆಸಿದ. ಈಗಿನ ಟರ್ಕಿಯ ಇಜ್ನಿಕ್, ಕೆರೆ ದಂಡೆಯ ಊರು. ಕ್ರೈಸ್ತರನ್ನು ಹಿಡಿದು ಹಿಂಸಿಸುವುದು ನಿಂತು ಹೆಚ್ಚು ವರ್ಷವಾಗಿರಲಿಲ್ಲ. ಜೈಲು ಕಂಡವರು, ಏಟು ತಿಂದವರು ಆ ಸಭೆಗೆ ಬಂದಿದ್ದರು. ಅವರ ನಡುವೆ ರಾಜ ಬಂಗಾರದ ಪೀಠದಲ್ಲಿ ಕೂತ. ಮಗ ಸೃಷ್ಟಿಯಾದವನಲ್ಲ, ತಂದೆ ಏನೋ ಮಗನೂ ಅದೇ ಅಂತ ತೀರ್ಮಾನವಾಯಿತು. ಪ್ರಭು ಭೋಜನದ ದಿನ ನಾವು ಹೇಳುವ "ದೇವರಿಂದ ದೇವರು, ಬೆಳಕಿನಿಂದ ಬೆಳಕು" ಅನ್ನುವ ಸಾಲಿನ ಬೇರು ಅಲ್ಲಿದೆ. ಒಪ್ಪದ ಇಬ್ಬರು ಬಿಷಪ್‌ಗಳನ್ನೂ ಆರಿಯಸ್‌ನನ್ನೂ ಗಡೀಪಾರು ಮಾಡಿದರು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ, ಜಗಳ ಜೋರಾದದ್ದೇ ಆಮೇಲೆ. ಸಾಯುವ ಹೊತ್ತಿಗೆ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟ ಬಿಷಪ್ಪೇ ಆರಿಯಸ್ ಕಡೆಯವನು. ಮುಂದೆ ಅರಮನೆಯೂ ಆ ಕಡೆ ವಾಲಿತು. ನೈಸಿಯಾದ ಮಾತನ್ನು ಎತ್ತಿಹಿಡಿದು ನಿಂತ ಅಥನೇಸಿಯಸ್ 45 ವರ್ಷ ಅಲೆಕ್ಸಾಂಡ್ರಿಯಾದ ಬಿಷಪ್ ಆಗಿದ್ದ. ಅದರಲ್ಲಿ ಸುಮಾರು 17 ವರ್ಷ ಊರಿನಿಂದ ಹೊರಗೇ ಕಳೆದ. ಐದು ಸಲ ಓಡಿಸಿದರು. ಈ ಜಗಳ ಬಿಷಪ್‌ಗಳದ್ದು ಮಾತ್ರ ಅಲ್ಲ. ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಪಟ್ಟಣದ ಬಗ್ಗೆ ಆ ಕಾಲದ ಬಿಷಪ್ ನಿಸ್ಸಾದ ಗ್ರೆಗರಿ ಹೇಳಿದ್ದನ್ನು ಕೇಳು: ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಅಂತ ಶುರು ಮಾಡುತ್ತಾರೆ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು ಮಗ ಚಿಕ್ಕವನು ಅನ್ನುತ್ತಾರೆ, ಸ್ನಾನಕ್ಕೆ ನೀರು ಕಾದಿದೆಯಾ ಅಂದರೆ ಮಗ ಏನೂ ಇಲ್ಲದ್ದರಿಂದ ಆದವನು ಅನ್ನುತ್ತಾರೆ! ಗ್ರೆಗರಿಗೆ ಅದು ರೇಜಿಗೆ. ನನಗೆ ಮಾತ್ರ ರೊಟ್ಟಿ ಮಾರುವವನೂ ಇದನ್ನು ತನ್ನ ವಿಷಯ ಅಂದುಕೊಂಡಿದ್ದನಲ್ಲ ಅಂತ ಸಂತೋಷ. ಕೊನೆಗೆ 381ರಲ್ಲಿ ಅದೇ ಪಟ್ಟಣದಲ್ಲಿ ಸೇರಿದ ಸಭೆ ನೈಸಿಯಾದ ನಂಬಿಕೆಯನ್ನು ಗಟ್ಟಿ ಮಾಡಿತು.

ನೀನು ಯಾವ ಕಡೆ ಅಂತ ಕೇಳಿದ್ದೀಯ. ನಾನು ಅಥನೇಸಿಯಸ್ ಕಡೆ. ಅವನ ವಾದದ ತಿರುಳು ಇಷ್ಟೇ: ಸೃಷ್ಟಿಯಾದವನು ಸೃಷ್ಟಿಯನ್ನು ದೇವರ ಜೊತೆ ಸೇರಿಸಲಾರ, ಆ ಕೆಲಸಕ್ಕೆ ದೇವರೇ ಬರಬೇಕು. ನಾನು ಇದನ್ನು ಶಿಲುಬೆಯ ಮುಂದೆ ಇಟ್ಟು ನೋಡುತ್ತೇನೆ. ಅಲ್ಲಿ ಸತ್ತವನು ದೇವರಲ್ಲದಿದ್ದರೆ, ದೇವರು ಮೇಲೆ ಕೂತು ಬೇರೆ ಯಾರನ್ನೋ ಸಾಯಲು ಕಳಿಸಿದ ಅಂತಾಗುತ್ತದೆ. ಅಂಥ ದೇವರನ್ನು ಹೆದರಿ ಪೂಜಿಸಬಹುದು, ಪ್ರೀತಿಸುವುದು ನನ್ನಿಂದ ಆಗದು. ನೋವನ್ನು ಆತನೇ ಉಂಡ ಅನ್ನುವುದರ ಮೇಲೆ ನನ್ನ ನಂಬಿಕೆ ನಿಂತಿದೆ. ನಿನ್ನ ಪ್ರಶ್ನೆಗೂ ಉತ್ತರ ಅಲ್ಲೇ ಸಿಕ್ಕಿತು. ಮಗ ತಂದೆಗೆ ಪ್ರಾರ್ಥಿಸಿದ. ಮಗ ತಂದೆಯಲ್ಲ, ಆದರೆ ತಂದೆಗಿಂತ ಕಡಿಮೆಯೂ ಅಲ್ಲ. ಮನುಷ್ಯನಾಗಿ ಬಂದಮೇಲೆ ಮನುಷ್ಯನ ಹಾಗೇ ಮೊಣಕಾಲೂರಿದ.

ಆದರೆ ನಮ್ಮ ಕಡೆಯವರು ಮಾಡಿದ್ದನ್ನು ಮುಚ್ಚಿಡಲಾರೆ. ಆರಿಯಸ್‌ನ ಬರಹ ಸುಡಬೇಕು, ಬಚ್ಚಿಟ್ಟವನಿಗೆ ಮರಣದಂಡನೆ ಅಂತ ಕಾನ್‌ಸ್ಟಂಟೈನ್ ಹೊರಡಿಸಿದ ಆಜ್ಞೆ ಇದೆ. 1553ರಲ್ಲಿ ಜಿನೀವಾದಲ್ಲಿ ಸ್ಪೇನಿನ ವಿದ್ವಾಂಸ ಮೈಕೇಲ್ ಸರ್ವೇಟಸ್‌ನನ್ನು ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಂಬಿಕೆ) ಒಪ್ಪಲಿಲ್ಲ ಅಂತ ಜೀವಂತ ಸುಟ್ಟರು. ಬೆಂಕಿಯಲ್ಲಿ ಅವನು ಕರುಣೆಗಾಗಿ ಕೂಗಿದ್ದು ಯೇಸುವಿನ ಹೆಸರನ್ನೇ. ಇದನ್ನು ನೆನೆದಾಗೆಲ್ಲ ತಲೆ ತಗ್ಗಿಸುತ್ತೇನೆ.

ನಮ್ಮ ದೇಶದಲ್ಲಿ ಬರೀ ಕಾಗದದ ಮೇಲೆ ನಡೆದ ಜಗಳವೂ ಇದೆ. 1820ರಲ್ಲಿ ರಾಮಮೋಹನ ರಾಯರು ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಕಲ್ಕತ್ತೆಯಲ್ಲಿ ಪುಸ್ತಕ ಮಾಡಿದರು. ಸೇರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ವಿರೋಧಿಸಿ ಬರೆದ, ರಾಯರು ಒಂದರ ಮೇಲೊಂದು ಉತ್ತರ ಅಚ್ಚು ಹಾಕಿಸಿದರು. ಇನ್ನೊಬ್ಬ ಮಿಷನರಿ ವಿಲಿಯಂ ಆಡಮ್, ರಾಯರ ಜೊತೆ ಸುವಾರ್ತೆಯನ್ನು ಬಂಗಾಳಿಗೆ ತರುತ್ತಿದ್ದವನು, ಯೇಸು ದೇವರಲ್ಲ ಅನ್ನುವ ರಾಯರ ಮಾತನ್ನೇ ಕೊನೆಗೆ ಒಪ್ಪಿದ. ನಾನು ಒಪ್ಪುವುದಿಲ್ಲ, ಆದರೆ ಅಷ್ಟು ಶ್ರದ್ಧೆಯಿಂದ ಬೈಬಲ್ ಓದಿದ ರಾಯರ ಬಗ್ಗೆ ಗೌರವ ಜಾಸ್ತಿ.

ಮುಂದಿನ ಕೂಟಕ್ಕೆ ಹೋಗುವುದು ಬಿಡಬೇಡ. ಅದಕ್ಕೆ ಮೊದಲು ಯೋಹಾನ 5ನೇ ಅಧ್ಯಾಯ ನಿಧಾನವಾಗಿ ಓದು. 19ನೇ ವಚನದಲ್ಲಿ ಮಗ ತನ್ನಷ್ಟಕ್ಕೆ ಏನೂ ಮಾಡಲಾರ ಅಂತಿದೆ, 23ರಲ್ಲಿ ತಂದೆಗೆ ಕೊಡುವ ಮರ್ಯಾದೆಯನ್ನೇ ಮಗನಿಗೂ ಕೊಡಬೇಕು ಅಂತಿದೆ. ನಿನಗೆ ಏನನ್ನಿಸಿತು ಅಂತ ಬರೆ. ನನ್ನ ಮಾತು ಒಪ್ಪದಿದ್ದರೂ ಬರೆ.

ನಿನ್ನ ಗೆಳೆಯ