ಮನೆಯ ವರಹವನ್ನು ಯಾರಿಗೆ ತೋರಿಸುವುದು?

ಮಾನ್ಯ ಸಂಪಾದಕರೇ,

ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಅನ್ನುವ ಸುದ್ದಿ ಪತ್ರಿಕೆಗಳಲ್ಲೂ ಮೊಬೈಲಿನಲ್ಲೂ ಆಗಾಗ ಬರುತ್ತಲೇ ಇರುತ್ತದೆ. ಓದಿದವರು ಎದ್ದು ಹೋಗಿ ಮನೆಯ ಹಳೇ ಡಬ್ಬಿ ತೆಗೆದು ನೋಡುತ್ತಾರೆ. ಆಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಅದೇ ಚರ್ಚೆ ನಡೆಯುತ್ತಿದೆ. ಅದಕ್ಕೇ ಈ ಪತ್ರ.

ಅಮ್ಮ ತೀರಿಕೊಂಡ ಮೇಲೆ ಅವಳ ಕುಂಕುಮದ ಭರಣಿಯಲ್ಲಿದ್ದ ಒಂದು ಚಿನ್ನದ ವರಹ ನಮ್ಮ ಪಾಲಿಗೆ ಬಂದಿದೆ. ನಾವು ಮೂವರು ಮಕ್ಕಳು, ನಾಣ್ಯ ಒಂದೇ. ಅಂಗಿಯ ಗುಂಡಿಯಷ್ಟು ಅಗಲ ಇದೆ, ಅಷ್ಟೇ. ಒಂದು ಬದಿಯಲ್ಲಿ ಶಿವ ಪಾರ್ವತಿ ಕೂತಿದ್ದಾರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಮ್ಮ ಇದನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಹಾಲಿನಲ್ಲಿ ತೊಳೆದು ಕಲಶದ ಮುಂದೆ ಇಡುತ್ತಿದ್ದಳು. "ಇದು ಸದಾಶಿವ ನಾಯಕರ ಕಾಲದ್ದು, ಇಕ್ಕೇರಿ ವರಹ" ಅಂತ ಅಜ್ಜಿಯ ಕಾಲದಿಂದಲೂ ಮನೆಯಲ್ಲಿ ಮಾತು. ಇಕ್ಕೇರಿ ನಮ್ಮ ಸಾಗರದಿಂದ ಕೂಗಳತೆಯ ದೂರ. ಹಾಗಾಗಿ ಯಾರೂ ಅನುಮಾನ ಪಟ್ಟವರಲ್ಲ.

ಭೂತಗನ್ನಡಿ ಹಿಡಿದು ಇನ್ನೊಂದು ಬದಿ ನೋಡಿದರೆ ಕಥೆಯೇ ಬೇರೆ. ಶಿವ ಪಾರ್ವತಿಯರ ಈ ಅಚ್ಚು ವಿಜಯನಗರದ ಕಾಲದಿಂದ ಬಂದದ್ದು. ಸದಾಶಿವ ನಾಯಕರ ವಂಶದ ಕೆಳದಿ ಅರಸರು ಅದನ್ನೇ ಮುಂದುವರಿಸಿದರು. ಹಿಂಬದಿಯಲ್ಲಿ ನಾಗರಿ ಅಕ್ಷರದಲ್ಲಿ 'ಶ್ರೀ ಸದಾಶಿವ' ಅಂತ ಹಾಕಿಸಿದರು. 1763ರಲ್ಲಿ ಹೈದರ್ ಅಲಿ ಅವರ ರಾಜಧಾನಿ ಬಿದನೂರು ಹಿಡಿದ. ಜನ ಒಗ್ಗಿಕೊಂಡಿದ್ದ ಶಿವ ಪಾರ್ವತಿಯರನ್ನು ಅವನು ತೆಗೆಯಲಿಲ್ಲ. ಹಿಂಬದಿಯಲ್ಲಿ ಮಾತ್ರ ಸಣ್ಣ ಸಣ್ಣ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಅರಬಿ ಲಿಪಿಯಲ್ಲಿ ಹೊಡೆಸಿದ. ಕೊನೆಗೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡು ಹಿಂದೆ ನಾಗರಿಯಲ್ಲಿ 'ಶ್ರೀ ಕೃಷ್ಣರಾಜ' ಅಂತ ಬರೆಸಿದರು. ಅಂದರೆ ಮುಂಬದಿ ನೋಡಿ ಯಾರ ಕಾಲದ್ದು ಅಂತ ಹೇಳುವುದು ಕಷ್ಟ. ನಮ್ಮ ನಾಣ್ಯದ ಹಿಂಬದಿಯಲ್ಲಿ ಇರುವುದು ಚುಕ್ಕಿಗಳು, ನಡುವೆ ಕೊಕ್ಕೆಯ ಹಾಗೆ ಬಾಗಿದ ಆ ಒಂದೇ ಅಕ್ಷರ. ಅಮ್ಮ ಅಷ್ಟು ವರ್ಷ ಲಕ್ಷ್ಮೀಪೂಜೆಗೆ ಇಟ್ಟಿದ್ದು ಹೈದರನ ವರಹ! ನನಗಂತೂ ಇದು ಬಹಳ ಇಷ್ಟವಾಯಿತು. ಅಣ್ಣನಿಗೆ ಸ್ವಲ್ಪ ನಿರಾಸೆ. ಹೈದರನ ವರಹಗಳು ಸಂಗ್ರಹಕಾರರ ಹತ್ತಿರ ಸಾಕಷ್ಟಿವೆ, ಕೈಗೆ ಸಿಗದಷ್ಟು ಅಪರೂಪದವಲ್ಲ.

ಆದರೆ ಅಸಲಿಯೋ ನಕಲಿಯೋ ಅನ್ನುವ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಪೇಟೆಯ ಒಬ್ಬ ಅಕ್ಕಸಾಲಿಗರ ಹತ್ತಿರ ಹೋದೆವು. ಒರೆಗಲ್ಲಿಗೆ ತಿಕ್ಕಲು ಹೊರಟವರನ್ನು ನಾನೇ ತಡೆದೆ. ಮೆಷಿನ್ನಲ್ಲಿ ಇಟ್ಟು ನೋಡಿ, ತೂಕ ಹಾಕಿ, "ಒಳ್ಳೇ ಚಿನ್ನ, 3.4 ಗ್ರಾಂ, ಅಸಲಿಯೇ. ಕೊಡೋದಾದ್ರೆ ಇವತ್ತಿನ ರೇಟಿಗೆ ತಗೋತೀನಿ" ಅಂದರು. ತೂಕ ವರಹಕ್ಕೆ ಸರಿಯಾಗಿದೆ, ಅದು ಸಮಾಧಾನ. ಆದರೆ ಚಿನ್ನ ಅಸಲಿ ಆದ ಮಾತ್ರಕ್ಕೆ ನಾಣ್ಯ ಅಸಲಿ ಆಗುತ್ತದೆಯೇ? ಕಾಸಿನ ಸರಕ್ಕೆ ನಾಣ್ಯದ ಹಾಗೇ ಕಾಣುವ ಬಿಲ್ಲೆಗಳನ್ನು ಒಳ್ಳೇ ಚಿನ್ನದಲ್ಲೇ ಮಾಡುತ್ತಾರೆ. ನಕಲಿ ವರಹವನ್ನೂ ಹಾಗೆಯೇ ಮಾಡಬಹುದು. ಮೆಷಿನ್ ಲೋಹ ಯಾವುದು ಅಂತ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ಟಂಕಸಾಲೆಯ ಅಚ್ಚಿನಿಂದ ಹೊಡೆದದ್ದೋ, ನಕಲು ಮಾಡುವವರು ಎರಕ ಹೊಯ್ದದ್ದೋ, ಅಂಚಿನಲ್ಲಿ ಬೆಸೆದ ಗೆರೆ ಇದೆಯೋ, ಮೇಲ್ಮೈಯಲ್ಲಿ ಗುಳ್ಳೆಯ ಗುರುತು ಇದೆಯೋ ಇವೆಲ್ಲ ನೋಡಬೇಕಾದವರು ಬೇರೆ. ಇದನ್ನು ಎಷ್ಟೋ ಮನೆಗಳಲ್ಲಿ ತಿಳಿದುಕೊಂಡಿಲ್ಲ. ಅಂಗಡಿಯವರು ಅಸಲಿ ಅಂದರು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ.

ಇನ್ನು ಅಮೆರಿಕದಲ್ಲಿರುವ ಅಣ್ಣನ ಮಗ. ಅಲ್ಲಿ ಪಿಸಿಜಿಎಸ್, ಎನ್‌ಜಿಸಿ ಅಂತ ಕಂಪನಿಗಳಿವೆ. ಶುಲ್ಕ ತಗೊಂಡು ನಾಣ್ಯ ಪರೀಕ್ಷೆ ಮಾಡಿ, 70ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿ ಕಳಿಸುತ್ತಾರೆ. "ಈ ಸಲ ಬಂದಾಗ ಜೇಬಿನಲ್ಲಿ ಹಾಕ್ಕೊಂಡು ಹೋಗ್ತೀನಿ, ಸರ್ಟಿಫಿಕೇಟ್ ಮಾಡಿಸ್ತೀನಿ" ಅಂದ. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ಪುರಾತನ ವಸ್ತು. ನಮ್ಮದೇ ಸ್ವಂತದ್ದಾದರೂ ನಾವಾಗಿ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಒಯ್ದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಅಂತ ಅದರಲ್ಲೇ ಇದೆ. ಹುಡುಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಅಜ್ಜಿಯ ಭರಣಿಯ ಕಥೆ ಯಾರು ಕೇಳುತ್ತಾರೆ? ವಿದೇಶದಲ್ಲಿ ಮಕ್ಕಳಿರುವ ಮನೆಯವರು ಇದೊಂದನ್ನು ದಯವಿಟ್ಟು ಗಮನಿಸಿ. ಅಂಚೆಯಲ್ಲಿ ಕಳಿಸಿದರೂ ಅದೇ ತಪ್ಪು. ಅಂಚೆ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು ಹೇಳುತ್ತಿದ್ದೇನೆ.

ನಮ್ಮ ದೇಶದಲ್ಲೇ ಹೀಗೆ ಸೀಲ್ ಮಾಡಿಸಿದರಾಯಿತಲ್ಲ ಅಂತ ಅಣ್ಣನ ವಾದ. ಮಾರುವುದಾದರೆ ನಾನೂ ಹೂಂ ಅನ್ನುತ್ತಿದ್ದೆ. ಮಾರುವ ಯೋಚನೆ ಮೂವರಿಗೂ ಇಲ್ಲ. ಅಂಕದ ವಿಷಯಕ್ಕೆ ಬಂದರೆ, ಅಮ್ಮ ಅಷ್ಟು ದೀಪಾವಳಿಗೆ ಉಜ್ಜಿದ ಗೀರುಗಳು ಭೂತಗನ್ನಡಿಯಲ್ಲಿ ನನಗೇ ಕಾಣುತ್ತವೆ, ಪಾರ್ವತಿಯ ಮುಖ ಸವೆದು ನುಣ್ಣಗಾಗಿದೆ. ಉಜ್ಜಿದ ನಾಣ್ಯಕ್ಕೆ ಪರೀಕ್ಷಕರು ಅಸಲಿ ಅಂತ ಬರೆದರೂ ಅಂಕ ಕೊಡದೇ ಇರಬಹುದು. ಅದಕ್ಕಿಂತ ದೊಡ್ಡ ಮಾತು ತಂಗಿಯದು. "ಡಬ್ಬಿಯೊಳಗೆ ಹಾಕಿದ ಮೇಲೆ ಹಾಲು ಎಲ್ಲಿಗೆ ಹಾಕಲಿ, ಪ್ಲಾಸ್ಟಿಕ್ಕಿಗಾ?" ಅಂದಳು. ಪೂಜೆಗೆ ಅಂತ ಸೀಲ್ ಒಡೆದರೆ ಕೊಟ್ಟ ದುಡ್ಡು ದಂಡ. ಇದಕ್ಕೆ ಅಣ್ಣನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ.

ಹಾಗಂತ ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ವರಹ ತಂಗಿಯ ಮನೆಗೆ ಹೋಗಲಿ ಅಂತ ನಾವಿಬ್ಬರೂ ಒಪ್ಪಿದ್ದೇವೆ. ಆದರೂ ನಾಳೆ ನಮ್ಮ ಮಕ್ಕಳು, ಅಂದು ಲಕ್ಷಾಂತರದ ವಸ್ತು ಅತ್ತೆಗೆ ಹೋಯಿತಂತೆ ಅಂತ ಮಾತಾಡಬಾರದು. ಅದಕ್ಕೆ ಬಲ್ಲವರು ಬರೆದುಕೊಟ್ಟ ಒಂದು ಹಾಳೆ ಬೇಕು. ಎರಡೂ ಬದಿಯ ಫೋಟೋ, ತೂಕ, ಯಾರ ಕಾಲದ್ದು, ಅಸಲಿ ಹೌದೋ ಅಲ್ಲವೋ. ಇಷ್ಟಿದ್ದರೆ ಸಾಕು. ಪ್ಲಾಸ್ಟಿಕ್ ಡಬ್ಬಿ ಬೇಡ.

ಈ ಹಾಳೆ ಬರೆದುಕೊಡುವವರು ಯಾರು ಅನ್ನುವುದೇ ತೊಡಕು. ನಾಣ್ಯ ಪ್ರದರ್ಶನಗಳಿಗೆ ಬರುವ ವ್ಯಾಪಾರಿಗಳಿಗೆ ಗೊತ್ತಿರುತ್ತದೆ, ನಿಜ. ಆದರೆ ಬೆಲೆ ಹೇಳುವವನೇ ಕೊಳ್ಳುವವನೂ ಆದರೆ ನಾವು ಯಾವ ಮಾತನ್ನು ನಂಬುವುದು? ಮೊಬೈಲಿನಲ್ಲಿ ಸಿಗುವವರ ಕಥೆ ಇನ್ನೂ ಚೆಂದ. ಅಣ್ಣ ಸುಮ್ನೆ ಒಂದು ಕಡೆ ಫೋಟೋ ಹಾಕಿದ್ದಕ್ಕೆ, "15 ಲಕ್ಷಕ್ಕೆ ಪಾರ್ಟಿ ರೆಡಿ ಇದೆ, ಮೊದಲು ನೋಂದಣಿ ಫೀಸು ಕಳಿಸಿ" ಅಂತ ಫೋನ್ ಬಂತು. ರಿಸರ್ವ್ ಬ್ಯಾಂಕಿನ ಚಿಹ್ನೆ ಇರುವ ಕಾಗದವನ್ನೂ ಕಳಿಸಿದರು. ಹಳೇ ನೋಟು, ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಅಷ್ಟಾದರೂ ದುಡ್ಡು ಕಳಿಸುವವರು ಇದ್ದೇ ಇದ್ದಾರೆ.

ನನ್ನ ಬೇಡಿಕೆ ಸಣ್ಣದು. ನಮ್ಮ ರಾಜ್ಯದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಇದೆ. ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆಯಲ್ಲೇ ಸರ್ಕಾರಿ ಸಂಗ್ರಹಾಲಯ ಇದೆ. ಇಂಥ ಕಡೆ ತಿಂಗಳಿಗೆ ಒಂದು ದಿನ ನಾಣ್ಯ ಬಲ್ಲ ಒಬ್ಬರನ್ನು ಕೂರಿಸಲಿ. ಜನ ತಮ್ಮ ನಾಣ್ಯ ತರಲಿ. ಅವರ ಕಣ್ಣೆದುರೇ ತೂಕ ಹಾಕಿ, ನೋಡಿ, ಒಂದು ಹಾಳೆ ಬರೆದುಕೊಡಲಿ. ಬೆಲೆ ಹೇಳುವುದು ಬೇಡ, ಕೊಳ್ಳುವುದಂತೂ ಬೇಡವೇ ಬೇಡ. ನೂರಿನ್ನೂರು ರೂಪಾಯಿ ಶುಲ್ಕ ಇಟ್ಟರೂ ಕೊಡುತ್ತೇವೆ. ಇಲಾಖೆಗೂ ಲಾಭ ಇದೆ. ಮಲೆನಾಡಿನ ಯಾವ ಊರಿನಲ್ಲಿ ಯಾವ ಕಾಲದ ನಾಣ್ಯ ಉಳಿದಿದೆ ಅನ್ನುವ ಲೆಕ್ಕ ಕೂತಲ್ಲೇ ಸಿಗುತ್ತದೆ.

ಜೊತೆಗೆ ಇನ್ನೊಂದನ್ನು ಇಲಾಖೆ ಬಾಯಿ ಬಿಟ್ಟು ಹೇಳಬೇಕು. ತೋರಿಸಿದರೆ ಸರ್ಕಾರದವರು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಹಳ್ಳಿಗಳಲ್ಲಿ ಜಾಸ್ತಿ. ಮಣ್ಣಿನಲ್ಲಿ ಹೂತ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಅದು ಸರಿ. ತಲೆಮಾರಿನಿಂದ ದೇವರ ಕೋಣೆಯಲ್ಲಿರುವ ವರಹದ ವಿಷಯ ಬೇರೆ ಅಲ್ವಾ? ಈ ವ್ಯತ್ಯಾಸವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಸಂಗ್ರಹಾಲಯದ ಬಾಗಿಲಿಗೆ ಹಾಕಲಿ. ಮೊದಲ ತಿಂಗಳೇ ನಾವು ಮೂವರೂ ಬಂದು ಸಾಲಿನಲ್ಲಿ ನಿಲ್ಲುತ್ತೇವೆ.

— ನಿವೃತ್ತ ಅಂಚೆ ನೌಕರ, ಸಾಗರ