ನಾಟಕಕ್ಕೆ ಬಂದೋಬಸ್ತ್ ಕೊಡಿ: ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ಈ ಸಲ ಜಾತ್ರೆಗೆ ನಮ್ಮ ಭಾಗದ ಊರೊಂದರ ಹುಡುಗರು ನಗೆನಾಟಕ ಕಟ್ಟಿದ್ದರು. ತಾಯತ ಮಾರಿ ಮಾರಿ ಹೊಲ ಮಾಡಿಕೊಂಡ ಕಳ್ಳ ಬುವಾನೊಬ್ಬನ (ಕಾವಿ ತೊಟ್ಟ ಸ್ವಾಮಿಯ) ಕಥೆ. ನಾಟಕದ ದಿನ ಮಧ್ಯಾಹ್ನ ನಾಲ್ಕು ಜನ ಠಾಣೆಗೆ ಹೋಗಿ, ‘ಭಾವನೆಗೆ ಧಕ್ಕೆ ಆಗತೈತ್ರಿ’ ಎಂದರು. ಅವರು ತಾಲೀಮಿನ ಕಡೆ ಒಮ್ಮೆಯೂ ತಲೆ ಹಾಕಿದವರಲ್ಲ. ಅವರನ್ನು ಯಾರೂ ಏನೂ ಕೇಳಲಿಲ್ಲ. ಕರೆಸಿದ್ದು ನಾಟಕದ ಮಾಸ್ತರನ್ನು. ಮುಚ್ಚಳಿಕೆ ಬರೆಸಿಕೊಂಡರು, ಸ್ಕ್ರಿಪ್ಟಿನ ತುಂಬ ಕೆಂಪು ಗೆರೆ ಎಳೆದರು, ಬುವಾನ ಕಾವಿ ಶಾಲು ತೆಗೆಸಿದರು. ರಾತ್ರಿ ಪರದೆ ಎದ್ದಾಗ ಬಿಳಿ ಅಂಗಿ ತೊಟ್ಟು ನಿಂತ ಮನುಷ್ಯನ ಕಾಲಿಗೆ ಎಲ್ಲರೂ ಯಾಕೆ ಬೀಳುತ್ತಾರೆ ಎಂಬುದೇ ಮುಂದೆ ಕೂತವರಿಗೆ ತಿಳಿಯಲಿಲ್ಲ.

ಧರ್ಮದ ಹೆಸರಿನಲ್ಲಿ ಇದನ್ನು ಮಾಡಿದರಲ್ಲ, ಯಾವ ಧರ್ಮ? ಸರ್ವಜ್ಞನ ಊರೆನ್ನುವ ಅಬಲೂರು ನಿಮ್ಮ ಉಸ್ತುವಾರಿಯ ಜಿಲ್ಲೆಯಲ್ಲೇ ಇದೆ. ಡಾಂಭಿಕ ಗುರುಗಳನ್ನು ಅವನು ಆಡಿಕೊಂಡಷ್ಟು ಯಾವ ನಾಟಕವೂ ಆಡಿಕೊಂಡಿಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ದೂತಿ ಸಾಕ್ಷಾತ್ ಕೃಷ್ಣನನ್ನೇ ಹಂಗಿಸುತ್ತಾಳೆ. ಅದನ್ನು ನೋಡಲು ಬೆಳತನಕ ಕೂತ ನಮ್ಮ ಅಜ್ಜಿಯರು ಮುಂಜಾನೆ ಎದ್ದು ಅದೇ ಕೃಷ್ಣನಿಗೆ ದೀಪ ಹಚ್ಚುತ್ತಿದ್ದರು. ಪಕ್ಕದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೇ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಸಿತ್ತು. ಈ ನೆಲದ ಭಕ್ತಿ ನಗೆಗೆ ಅಂಜಿದ್ದನ್ನು ನಾನಂತೂ ಕಂಡಿಲ್ಲ.

ಅಂಜಿಕೆ ಬೇರೆ ಕಡೆ ಇದೆ. ಹಾನಗಲ್ಲ ದಾಟಿದರೆ ಶಿವಮೊಗ್ಗ ಜಿಲ್ಲೆಯ ಆನವಟ್ಟಿ. 2022ರ ಜುಲೈನಲ್ಲಿ ಅಲ್ಲಿ ಜಯಂತ ಕಾಯ್ಕಿಣಿಯವರು ರೂಪಾಂತರಿಸಿದ ‘ಜೊತೆಗಿರುವನು ಚಂದಿರ’ ನಡೆಯುತ್ತಿದ್ದಾಗ ಬಜರಂಗದಳದವರು ನುಗ್ಗಿ ಅರ್ಧಕ್ಕೇ ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಮೈಸೂರು ರಂಗಾಯಣದಲ್ಲಿ ಕಂಬಾರರ ‘ಸಾಂಬಶಿವ ಪ್ರಹಸನ’ದ ಪ್ರದರ್ಶನದಲ್ಲಿ ಸಿದ್ದರಾಮಯ್ಯನವರನ್ನು ಗೇಲಿ ಮಾಡಿದರೆಂದು ಗಲಾಟೆಯಾಯಿತು. ಒಂದು ಕಡೆ ಧರ್ಮ, ಇನ್ನೊಂದು ಕಡೆ ನಾಯಕ. ಎರಡೂ ಕಡೆಯವರಿಗೆ ಬೇಕಾಗಿದ್ದು ತಮ್ಮ ಜನರನ್ನು ಒಗ್ಗೂಡಿಸಲು ಒಂದು ನೆಪ, ಮತ್ತು ನಾಟಕದವರಷ್ಟು ಅಗ್ಗಕ್ಕೆ ಸಿಗುವ ನೆಪ ಇನ್ನೊಂದಿಲ್ಲ. ಅವರಿಗೆ ವೋಟ್ ಬ್ಯಾಂಕ್ ಇಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲ. ಪೆಂಡಾಲಿನ ಬಾಡಿಗೆ ಮೈಮೇಲೆ ಬಂದರೆ ಮರುವರ್ಷ ನಾಟಕವೇ ಇಲ್ಲ. ನಿಮ್ಮ ಪಕ್ಷವೂ ಸೇರಿದಂತೆ ಯಾವ ಪಕ್ಷವೂ ಇದರಿಂದ ಹೊರಗಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

‘ಕಾನೂನು ಸುವ್ಯವಸ್ಥೆ’ ಎನ್ನುತ್ತಾರೆ ಅಧಿಕಾರಿಗಳು. ಪ್ರತಿಭಟನೆಯ, ಹಿಂಸೆಯ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ಅದನ್ನು ಕಾಪಾಡುವುದೇ ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಎಸ್. ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಧಾರ್ಮಿಕ ಭಾವನೆ ಕೆರಳಿಸುವುದನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಕೂಡ ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅನ್ವಯಿಸುತ್ತದೆ. ಯಾರಿಗೋ ಸಿಟ್ಟು ಬಂದರೆ ಸಾಲದು. ಬ್ರಿಟಿಷರು 1876ರಲ್ಲಿ ತಂದ ನಾಟಕ ನಿಯಂತ್ರಣ ಕಾಯ್ದೆಯನ್ನು ಕೇಂದ್ರ 2018ರಲ್ಲಿ ತೆಗೆದುಹಾಕಿತು. ಆದರೆ ಆ ಕೆಂಪು ಪೆನ್ನು ಇನ್ನೂ ಠಾಣೆಯ ಮೇಜಿನ ಮೇಲೇ ಇದೆ.

ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಎಸ್‌ಪಿಯವರನ್ನು ಎಲ್ಲರೆದುರು ಕೇಳಿ: ಕಳೆದ ಜಾತ್ರೆ ಹಂಗಾಮಿನಲ್ಲಿ ಎಷ್ಟು ನಾಟಕ ತಂಡಗಳಿಂದ ಮುಚ್ಚಳಿಕೆ ಬರೆಸಿಕೊಂಡಿರಿ, ಬೆದರಿಕೆ ಹಾಕಿದವರಿಂದ ಎಷ್ಟು? ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ. ಪರ್ಮಿಷನ್ ಅರ್ಜಿಯ ಜೊತೆ ಸ್ಕ್ರಿಪ್ಟ್ ಕೇಳಬಾರದು, ತಕರಾರು ಬಂದರೆ ಪರದೆ ಇಳಿಯುವ ತನಕ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಪೆಂಡಾಲಿನ ಬಾಗಿಲಲ್ಲಿ ನಿಲ್ಲಿಸಬೇಕು ಎಂದು ಲಿಖಿತ ಸುತ್ತೋಲೆ ಹೊರಡಿಸಿ. ಬಾದಾಮಿಯ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಿಗೆ ನಮ್ಮ ಜಿಲ್ಲೆಯಿಂದ ಗಾಡಿ ಕಟ್ಟಿಕೊಂಡು ಹೋಗುವ ಪ್ರೇಕ್ಷಕರು ಇವತ್ತಿಗೂ ಇದ್ದಾರೆ. ಅವರೂ ಮತದಾರರೇ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ನಾಟಕಪ್ರೇಮಿ